ಮನೆಯಲ್ಲೇ ಕೂತು ಸೊರಾರಿಟಿಯ ಸ್ಕಾಲರ್‌ಶಿಪ್ ಅರ್ಜಿಗಳನ್ನು ಓದುವುದು ಹೇಗೆ: ಹೊಸ ರೀಡರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಫೆಬ್ರವರಿ ಕೊನೆಗೆ ನನಗೊಂದು ಇಮೇಲ್ ಬರುತ್ತದೆ: ಈ ಸಲವೂ ಅರ್ಜಿಗಳನ್ನು ಓದಿಕೊಡುತ್ತೀರಾ? ಆರು ವರ್ಷದಿಂದ ಹೂಂ ಅನ್ನುತ್ತಲೇ ಬಂದಿದ್ದೇನೆ. ಆಮೇಲೆ ಮೂರು ವಾರ, ಮಕ್ಕಳು ಮಲಗಿದ ಮೇಲೆ ಊಟದ ಟೇಬಲ್ ಒರೆಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ಒಬ್ಬಳು ನರ್ಸಿಂಗ್ ಓದುತ್ತಿರುತ್ತಾಳೆ, ಇನ್ನೊಬ್ಬಳು ಸಿವಿಲ್ ಎಂಜಿನಿಯರಿಂಗ್. ಯಾರ ಮುಖವನ್ನೂ ನಾನು ನೋಡುವುದಿಲ್ಲ. ಆದರೂ ಮುಂದಿನ ಸೆಮಿಸ್ಟರ್‌ನ ಫೀಸು ಅವಳಿಗೆ ಹೊಂದುತ್ತದೋ ಇಲ್ಲವೋ ಅನ್ನುವುದರಲ್ಲಿ ನಾನು ಹಾಕುವ ಅಂಕದ ಪಾಲೂ ಇರುತ್ತದೆ.

ನಾನು ಮೈಸೂರಿನಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವಳು. ಕಾಲೇಜಿನ ಎರಡನೇ ವರ್ಷದಲ್ಲಿ ಒಂದು ಸೊರಾರಿಟಿ, ಅಂದರೆ ಹೆಣ್ಣುಮಕ್ಕಳ ಸಂಘ, ಸೇರಿದೆ. ನಮ್ಮ ಕನ್ನಡ ಕೂಟದಲ್ಲಿ ಕೋಲಾಟ ಆಡಿಕೊಂಡು ಬೆಳೆದ ಹುಡುಗಿಯರು ಈಗ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. "ಆಂಟಿ, ಏನಾದ್ರೂ ಸೇವೆ ಮಾಡ್ಬೇಕು ಅನ್ಸುತ್ತೆ, ಆದ್ರೆ ಶನಿವಾರ ಭಾನುವಾರ ಎಲ್ಲೂ ಹೋಗೋಕಾಗಲ್ಲ" ಅಂತಾರೆ. ಅವರಿಗೆ ನಾನು ಹೇಳುವುದು ಇದೇ ಕೆಲಸ. ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸ್ ಹೋದ ಹಳೆಯ ಸದಸ್ಯೆಯರೂ ಇದನ್ನು ಅಲ್ಲಿಂದಲೇ ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಇದು ಯಾರ ಹಣ ಅಂತ ತಿಳಿದುಕೊಳ್ಳಿ

ಸೊರಾರಿಟಿ ಅಂದರೆ ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಸಂಘ. ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಅಂದರೆ ಸಹೋದರಿ. ಈ ಹೆಸರನ್ನು ಸೂಚಿಸಿದವರು ಸಿರಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಮೇಷ್ಟ್ರು ಫ್ರಾಂಕ್ ಸ್ಮಾಲಿ. 1874ರಲ್ಲಿ ಅಲ್ಲಿ ಶುರುವಾದ ಗಾಮಾ ಫೈ ಬೀಟಾ ಅದನ್ನು ಮೊದಲು ಬಳಸಿಕೊಂಡಿತು. ಹೆಸರು ಬರುವ ಮೊದಲೇ ಸಂಘಗಳಿದ್ದವು. ಪೈ ಬೀಟಾ ಫೈ 1867ರಲ್ಲಿ ಇಲಿನಾಯ್‌ನ ಮನ್ಮತ್ ಕಾಲೇಜಿನಲ್ಲಿ, ಕಪ್ಪಾ ಆಲ್ಫಾ ಥೀಟಾ 1870ರಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಹುಟ್ಟಿದವು. ಆಗ ಕಾಲೇಜಿಗೆ ಬರುವ ಹುಡುಗಿಯರು ಕಡಿಮೆ. ಒಬ್ಬರಿಗೊಬ್ಬರು ಆಸರೆ ಬೇಕಿತ್ತು.

ಕಪ್ಪು ಹೆಣ್ಣುಮಕ್ಕಳ ಮೊದಲ ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾ. ಅದು 1908ರಲ್ಲಿ ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 1913ರ ಜನವರಿಯಲ್ಲಿ ಅಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಮಾರ್ಚ್ ತಿಂಗಳಲ್ಲೇ ಹೆಂಗಸರ ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ನಮ್ಮ ಕಡೆಯ ಹುಡುಗಿಯರಿಗೆ ಹತ್ತಿರವಾದವು ಇನ್ನೂ ಈಚಿನವು. 1998ರಲ್ಲಿ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಅದೇ ವರ್ಷ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ. ಎರಡನ್ನೂ ಕಟ್ಟಿದವರು ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರು.

ಹಣದ ವಿಷಯಕ್ಕೆ ಬರೋಣ. ದೊಡ್ಡ ಸೊರಾರಿಟಿಗಳಲ್ಲಿ ಸಾಮಾನ್ಯವಾಗಿ ಎರಡು ಸಂಸ್ಥೆ ಇರುತ್ತವೆ. ಸೊರಾರಿಟಿ ಒಂದು, ಅದರ ಫೌಂಡೇಷನ್ ಇನ್ನೊಂದು. ತೆರಿಗೆ ಕಾನೂನಿನ ಕಣ್ಣಲ್ಲಿ ಸೊರಾರಿಟಿ ಬಹುತೇಕ ಒಂದು ಕ್ಲಬ್ಬಿನ ಥರ. ಫೌಂಡೇಷನ್ ಮಾತ್ರ ದಾನ ಪಡೆಯುವ ಸಂಸ್ಥೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಆಲ್ಫಾ ಕಪ್ಪಾ ಆಲ್ಫಾ ತನ್ನ ಫೌಂಡೇಷನ್ನನ್ನು 1980ರಲ್ಲಿ ಮಾಡಿಕೊಂಡಿತು. ಸ್ಕಾಲರ್‌ಶಿಪ್ ಬರುವುದು ಇಂಥ ಫೌಂಡೇಷನ್‌ನಿಂದ. ತೀರಿಹೋದ ತಾಯಿಯ ಹೆಸರಲ್ಲಿ ಮಗಳು ಕೊಟ್ಟ ದುಡ್ಡಿರಬಹುದು, ಐವತ್ತು ವರ್ಷದ ಹಿಂದೆ ಪದವಿ ಪಡೆದವರೆಲ್ಲ ಸೇರಿ ಕೂಡಿಟ್ಟ ನಿಧಿ ಇರಬಹುದು. ಕೊಟ್ಟವರು 'ಗಣಿತ ಓದುವವಳಿಗೆ', 'ಓಹಾಯೊ ರಾಜ್ಯದವಳಿಗೆ' ಅಂತ ಷರತ್ತು ಹಾಕಿರುತ್ತಾರೆ. ಷರತ್ತು ಅವರದು. ಅದರ ಮೇಲೆ ನಮ್ಮದೊಂದು ಷರತ್ತು ಸೇರಿಸುವ ಹಕ್ಕು ರೀಡರ್‌ಗೆ ಇಲ್ಲ. ಇದನ್ನು ನೆನಪಿಟ್ಟರೆ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಎರಡನೆಯದು: ಎಲ್ಲಿ ಕೇಳಬೇಕು, ಯಾರು ಸೇರಬಹುದು

ನಿಮ್ಮ ಸೊರಾರಿಟಿಯ ಫೌಂಡೇಷನ್ ಪುಟದಲ್ಲಿ ಸ್ವಯಂಸೇವೆಯ ಭಾಗ ತೆಗೆಯಿರಿ. ಈ ಕೆಲಸಕ್ಕೆ ಬಹಳ ಕಡೆ 'ಸ್ಕಾಲರ್‌ಶಿಪ್ ರೀಡರ್' ಅನ್ನುತ್ತಾರೆ, ಕೆಲವು ಕಡೆ 'ರಿವ್ಯೂವರ್'. ಹೆಚ್ಚಿನವರು ಕೇಳುವುದು ಪದವಿ ಮುಗಿಸಿದ, ಸದಸ್ಯತ್ವ ಸರಿಯಾಗಿ ನಡೆಯುತ್ತಿರುವ ಸದಸ್ಯೆಯರನ್ನು. ಬಾಕಿ ಶುಲ್ಕ ಇದ್ದರೆ ಮೊದಲು ತೀರಿಸಿಕೊಳ್ಳಿ. ಹೊಸ ರೀಡರ್‌ಗಳನ್ನು ನವೆಂಬರ್‌ನಿಂದ ಜನವರಿಯೊಳಗೆ ಸೇರಿಸಿಕೊಂಡರೆ, ಅರ್ಜಿಗಳು ಫೆಬ್ರವರಿ-ಮಾರ್ಚ್‌ನಲ್ಲಿ ಮುಚ್ಚಿ, ಓದುವುದು ಮಾರ್ಚ್-ಏಪ್ರಿಲ್‌ನಲ್ಲಿ ನಡೆಯುತ್ತದೆ. ಒಂದೊಂದು ಕಡೆ ಒಂದೊಂದು ಕ್ಯಾಲೆಂಡರ್, ಕೇಳಿಕೊಳ್ಳಿ.

ಸೊರಾರಿಟಿ ಸದಸ್ಯೆ ಅಲ್ಲದಿದ್ದರೆ? ನಿಮ್ಮ ಊರಿನ ಕಮ್ಯುನಿಟಿ ಫೌಂಡೇಷನ್, ನೀವು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ, ಹೈಸ್ಕೂಲಿನ ಸ್ಕಾಲರ್‌ಶಿಪ್ ಸಮಿತಿ, ಇವರಿಗೂ ಓದುವವರು ಬೇಕು. ಕೆಲಸದ ರೀತಿ ಒಂದೇ.

ವೀಸಾದ ಮೇಲೆ ಇರುವವರಿಗೆ ಒಂದು ಮಾತು. ಎಚ್-4 (ಕೆಲಸದ ವೀಸಾದವರ ಮನೆಯವರದು), ಎಫ್-1 (ವಿದ್ಯಾರ್ಥಿಗಳದು) ವೀಸಾದಲ್ಲಿ ಇರುವವರು ಲಾಭರಹಿತ ಸಂಸ್ಥೆಗೆ ಸಂಬಳವಿಲ್ಲದೆ, ಎಲ್ಲರೂ ಸ್ವಯಂಸೇವಕರಾಗೇ ಮಾಡುವ ಕೆಲಸ ಮಾಡುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಆದರೆ 'ಥ್ಯಾಂಕ್ಸ್' ಅಂತ ಗೌರವಧನವನ್ನೋ ಗಿಫ್ಟ್ ಕಾರ್ಡನ್ನೋ ಕಳಿಸಿದರೆ ತಗೋಬೇಡಿ. ಸಣ್ಣ ಅನುಮಾನ ಇದ್ದರೂ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೋ ವಲಸೆ ವಕೀಲರನ್ನೋ ಕೇಳಿ ಮುಂದುವರಿಯಿರಿ.

ನೀವು ಕೊಡುವ ಸಮಯಕ್ಕೆ ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಆದರೆ ಕೆಲವು ಕಂಪನಿಗಳು ನೌಕರರು ಸ್ವಯಂಸೇವೆ ಮಾಡಿದ ಗಂಟೆಗಳಿಗೆ ಲೆಕ್ಕ ಹಾಕಿ ಆ ಸಂಸ್ಥೆಗೆ ದೇಣಿಗೆ ಕೊಡುತ್ತವೆ. ನಿಮ್ಮ ಎಚ್‌ಆರ್ ಅವರನ್ನು ವಿಚಾರಿಸಿ. ಹಾಗೆ ಬಂದ ಹಣವೂ ಹುಡುಗಿಯರಿಗೇ ಹೋಗುತ್ತದೆ ಅಲ್ವಾ.

ಮೂರನೆಯದು: ಒಪ್ಪುವ ಮೊದಲು ಗಂಟೆ ಲೆಕ್ಕ ಹಾಕಿ

ಉತ್ಸಾಹದಲ್ಲಿ ಜಾಸ್ತಿ ಒಪ್ಪಿಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಒಂದು ಅರ್ಜಿ ಅಂದರೆ ಫಾರಂ, ಅಂಕಪಟ್ಟಿ, ಒಂದೆರಡು ಪ್ರಬಂಧ, ಒಂದೆರಡು ಶಿಫಾರಸು ಪತ್ರ. ನನಗೆ ಸರಿಯಾಗಿ ಓದಿ ಅಂಕ ಹಾಕಲು 20 ನಿಮಿಷ ಬೇಕು. ಮೊದಲ ವರ್ಷ ಅರ್ಧ ಗಂಟೆಯೇ ಬೇಕಾಗಿತ್ತು. 40 ಅರ್ಜಿ ಅಂದರೆ 800 ನಿಮಿಷ, ಹದಿಮೂರು ಗಂಟೆಗೂ ಜಾಸ್ತಿ. ಮೂರು ವಾರಕ್ಕೆ ಹಂಚಿದರೆ ವಾರಕ್ಕೆ ನಾಲ್ಕೂವರೆ ಗಂಟೆ. ಇಷ್ಟು ಸಮಯ ನಿಜವಾಗಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ 15 ಅರ್ಜಿ ಸಾಕು ಅಂತ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಧ್ಯದಲ್ಲಿ ಕೈಬಿಟ್ಟರೆ ಮಾತ್ರ ಆ ಹೊರೆ ಇನ್ನೊಬ್ಬ ರೀಡರ್ ಮೇಲೆ ಕೊನೇ ಘಳಿಗೆಯಲ್ಲಿ ಬೀಳುತ್ತದೆ, ಆ ಹುಡುಗಿಯರ ಅರ್ಜಿಗಳನ್ನು ಅವಸರದಲ್ಲಿ ಓದುವ ಹಾಗಾಗುತ್ತದೆ.

ಭಾರತದಲ್ಲಿ ಕೂತು ಓದುವವರು ಗಡಿಯಾರ ನೋಡಿಕೊಳ್ಳಿ. ಅಮೆರಿಕದ ಪೂರ್ವ ಭಾಗದ ರಾತ್ರಿ 11:59 ಅಂದರೆ ಭಾರತದಲ್ಲಿ ಮರುದಿನ ಬೆಳಿಗ್ಗೆ 10:29. ಮಾರ್ಚ್ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿದ ಮೇಲೆ ಅದು 9:29 ಆಗುತ್ತದೆ. ಓದುವ ಕಾಲ ಸರಿಯಾಗಿ ಇದರ ಮಧ್ಯೆಯೇ ಬರುತ್ತದೆ.

ನಾಲ್ಕನೆಯದು: ಗುಟ್ಟು ಕಾಯುವ ಏರ್ಪಾಡು

ಅರ್ಜಿ ತೆರೆಯುವ ಮೊದಲು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ಸುಮ್ನೆ ಕ್ಲಿಕ್ ಮಾಡಬೇಡಿ, ಓದಿ. ಆ ಫೈಲಿನಲ್ಲಿ ಮನೆಯ ಆದಾಯ ಇರುತ್ತದೆ, ಅಪ್ಪನ ಕಾಯಿಲೆ ಇರುತ್ತದೆ, ಕೆಲವೊಮ್ಮೆ ಮನೆಯಲ್ಲಿ ನಡೆದ ಹೊಡೆದಾಟ ಇರುತ್ತದೆ. ತನ್ನ ರೂಮ್‌ಮೇಟ್‌ಗೂ ಹೇಳದ್ದನ್ನು ಆ ಹುಡುಗಿ ನಮ್ಮನ್ನು ನಂಬಿ ಬರೆದಿದ್ದಾಳೆ.

ನನ್ನ ನಿಯಮಗಳು ಇವು. ಮನೆಯವರೆಲ್ಲ ಬಳಸುವ ಕಂಪ್ಯೂಟರ್‌ನಲ್ಲಿ ಓದುವುದಿಲ್ಲ, ಆಫೀಸಿನ ಲ್ಯಾಪ್‌ಟಾಪ್‌ನಲ್ಲೂ ಇಲ್ಲ. ಕಾಫಿ ಅಂಗಡಿಯ ವೈಫೈ ಬೇಡ. ಡೌನ್‌ಲೋಡ್, ಪ್ರಿಂಟ್, ಸ್ಕ್ರೀನ್‌ಶಾಟ್ ಯಾವುದೂ ಇಲ್ಲ. ಸಬ್ಮಿಟೆಬಲ್, ಸ್ಮಾರ್ಟರ್‌ಸೆಲೆಕ್ಟ್ ಥರದ ವ್ಯವಸ್ಥೆಗಳಲ್ಲಿ ಎಲ್ಲವನ್ನೂ ಪರದೆಯ ಮೇಲೇ ಓದಿ ಅಲ್ಲೇ ಅಂಕ ಹಾಕಬಹುದು. ಕೈಯಲ್ಲಿ ಟಿಪ್ಪಣಿ ಬರೆದುಕೊಂಡರೆ ಹೆಸರು ಬರೆಯುವುದಿಲ್ಲ, ಅರ್ಜಿಯ ಸಂಖ್ಯೆ ಮಾತ್ರ. ಕೆಲಸ ಮುಗಿದ ದಿನ ಆ ಹಾಳೆ ಹರಿದು ಹಾಕುತ್ತೇನೆ. ನನ್ನ ಗಂಡನಿಗೂ ಒಂದು ಕಥೆಯೂ ಗೊತ್ತಿಲ್ಲ.

ಪರಿಚಯದವರ ಅರ್ಜಿ ಬಂದರೆ? ತಕ್ಷಣ ಫೌಂಡೇಷನ್‌ನ ಸಂಯೋಜಕರಿಗೆ ತಿಳಿಸಿ ಆ ಫೈಲ್ ಬಿಟ್ಟುಕೊಡಿ. ಕನ್ನಡದವರಿಗೆ ಇದು ತುಂಬಾ ಬರುತ್ತದೆ. ಕೂಟದಲ್ಲಿ ನೋಡಿದ ಹುಡುಗಿ, ಗೆಳತಿಯ ನಾದಿನಿಯ ಮಗಳು. "ನಾನು ಪಕ್ಷಪಾತ ಮಾಡಲ್ಲ" ಅನ್ನುವ ಧೈರ್ಯ ಬೇಡ. ಒಳ್ಳೆಯವಳಾಗಬೇಕು ಅಂತ ಪರಿಚಯದವಳಿಗೆ ಕಡಿಮೆ ಅಂಕ ಹಾಕಿಬಿಡುವುದೂ ಉಂಟು. ಅದೂ ಪಕ್ಷಪಾತವೇ.

ಐದನೆಯದು: ಸ್ಕೀಮ್ ಬಾಯಿಪಾಠ ಆಗುವಷ್ಟು ಓದಿ

ನನ್ನ ಚಿಕ್ಕಮ್ಮ ಮಂಡ್ಯದ ಕಡೆ ಹೈಸ್ಕೂಲು ಟೀಚರ್ ಆಗಿದ್ದರು. ಪ್ರತಿ ಬೇಸಿಗೆ ಎಸ್ಎಸ್ಎಲ್‌ಸಿ ವ್ಯಾಲ್ಯುಯೇಷನ್‌ಗೆ ಹೋಗುತ್ತಿದ್ದರು. ಈ ಕೆಲಸ ಸಿಕ್ಕಾಗ ಮೊದಲು ಫೋನ್ ಮಾಡಿದ್ದು ಅವರಿಗೆ. ಅವರು ಕೇಳಿದ ಮೊದಲ ಪ್ರಶ್ನೆ: "ಸ್ಕೀಮ್ ಕೊಟ್ಟಿದ್ದಾರೇನೇ?" ಯಾವ ಪ್ರಶ್ನೆಗೆ ಎಷ್ಟು ಅಂಕ, ಯಾವ ಅಂಶ ಇದ್ದರೆ ಎಷ್ಟು ಕೊಡಬೇಕು ಅಂತ ಬರೆದ ಹಾಳೆ ಅದು. ಇಲ್ಲಿ ಅದನ್ನೇ ರೂಬ್ರಿಕ್ ಅನ್ನುತ್ತಾರೆ.

ಒಂದು ರೂಬ್ರಿಕ್ ಹೀಗಿರಬಹುದು: ಓದಿಗೆ 30, ಸಂಘದಲ್ಲಿ ಮತ್ತು ಊರಿನಲ್ಲಿ ಮಾಡಿದ ಕೆಲಸಕ್ಕೆ 30, ಪ್ರಬಂಧಕ್ಕೆ 20, ಹಣದ ಅಗತ್ಯಕ್ಕೆ 20. ಹಣದ ಅಗತ್ಯಕ್ಕೆ 20 ಅಂತಿದ್ದರೆ, ಎಷ್ಟೇ ಕರುಳು ಚುರುಕ್ ಅಂದರೂ 20ರ ಮೇಲೆ ಕೊಡುವ ಹಾಗಿಲ್ಲ. ಆ ಕನಿಕರವನ್ನು ಪ್ರಬಂಧದ ಅಂಕಕ್ಕೆ ತಳ್ಳುವ ಹಾಗೂ ಇಲ್ಲ. ಪ್ರತಿ ಅಂಕಣವೂ ತನ್ನ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕು.

ಕೆಲವು ಫೌಂಡೇಷನ್‌ಗಳು ಓದು ಶುರುವಾಗುವ ಮೊದಲು ಜೂಮ್‌ನಲ್ಲಿ ಒಂದು ಗಂಟೆ ಎಲ್ಲರಿಗೂ ಒಂದೇ ಮಾದರಿ ಅರ್ಜಿ ಕೊಟ್ಟು ಅಂಕ ಹಾಕಿಸುತ್ತವೆ. ಆಮೇಲೆ ಯಾಕೆ ಇಷ್ಟು ಕೊಟ್ಟಿರಿ ಅಂತ ಚರ್ಚೆ. ಇದನ್ನು ತಪ್ಪಿಸಬೇಡಿ. ನಾನು ಮೊದಲ ಸಲ 30ಕ್ಕೆ 19 ಕೊಟ್ಟಿದ್ದ ಕಡೆ ಉಳಿದವರು 25, 26 ಕೊಟ್ಟಿದ್ದರು. ನನ್ನ ಕೈ ಬಿಗಿ ಅಂತ ಆವತ್ತೇ ಗೊತ್ತಾಯಿತು. ಒಂದು ಅರ್ಜಿಯನ್ನು ಸಾಮಾನ್ಯವಾಗಿ ಇಬ್ಬರು ಮೂವರು ಓದಿ, ಸರಾಸರಿ ತೆಗೆಯುತ್ತಾರೆ. ನನ್ನ ಕೈ ಬಿಗಿಯಾದರೆ, ನನ್ನ ಪಾಲಿಗೆ ಬಂದ ಹುಡುಗಿಯರು ಮಾತ್ರ ಸುಮ್ಮನೆ ಹಿಂದೆ ಬೀಳುತ್ತಾರೆ. ಅವರ ತಪ್ಪೇನಿದೆ?

ಇಂಥ ತರಬೇತಿ ಇಲ್ಲದಿದ್ದರೆ, ಮೊದಲ ಐದು ಅರ್ಜಿ ಓದಿ, ಅಂಕವನ್ನು ಪೆನ್ಸಿಲ್‌ನಲ್ಲಿ ಮಾತ್ರ ಗುರುತು ಮಾಡಿಕೊಳ್ಳಿ. ಐದೂ ಮುಗಿದ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿ, ಆಮೇಲೆ ವ್ಯವಸ್ಥೆಯಲ್ಲಿ ಹಾಕಿ.

ಆರನೆಯದು: ಫೈಲ್ ಓದುವ ಕ್ರಮ

ಇದೇ ಮುಖ್ಯ ಕೆಲಸ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾನು ಮೊದಲು ಪ್ರಬಂಧ ಓದುತ್ತೇನೆ, ಅಂಕಪಟ್ಟಿ ಆಮೇಲೆ. ಮೊದಲ ವರ್ಷ ಉಲ್ಟಾ ಮಾಡುತ್ತಿದ್ದೆ. 4ಕ್ಕೆ 3.95 ಅಂತ ಕಂಡ ತಕ್ಷಣ ಮುಂದಿನದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು. 3.1 ಕಂಡರೆ ಪ್ರಬಂಧದಲ್ಲಿ ತಪ್ಪು ಹುಡುಕುತ್ತಿದ್ದೆ. ರ‍್ಯಾಂಕು, ಪರ್ಸೆಂಟೇಜು ಅಂತ ಕೇಳಿಕೊಂಡೇ ಬೆಳೆದ ನಮಗೆ ಇದು ಹೆಚ್ಚು ಅಂಟಿದೆ.

*ಪ್ರಬಂಧ.* ಎರಡು ಮಾದರಿ ನೋಡಿ. ಎರಡನ್ನೂ ನಾನೇ ಇಲ್ಲಿಗಾಗಿ ಬರೆದದ್ದು, ಯಾರ ಅರ್ಜಿಯದೂ ಅಲ್ಲ.

"ನಾಯಕತ್ವ ನನ್ನ ಸ್ವಭಾವದಲ್ಲೇ ಇದೆ. ಸಹೋದರಿಯರ ಸೇವೆ ಮಾಡುವುದರಲ್ಲಿ ನನಗೆ ಅಪಾರ ತೃಪ್ತಿ ಸಿಗುತ್ತದೆ. ಸವಾಲುಗಳನ್ನು ಎದುರಿಸಿ ನಾನು ಬೆಳೆದಿದ್ದೇನೆ."

"ಚಾಪ್ಟರ್‌ನ (ನಮ್ಮ ಕಾಲೇಜಿನ ಶಾಖೆಯ) ಲೆಕ್ಕ ನನ್ನ ಕೈಗೆ ಬಂದಾಗ ಹನ್ನೊಂದು ಜನ ಶುಲ್ಕ ಕಟ್ಟಿರಲಿಲ್ಲ. ಒಬ್ಬೊಬ್ಬರ ಹತ್ತಿರವೂ ಬೇರೆಯಾಗಿ ಕೂತು ಮಾತಾಡಿದೆ. ಎಂಟು ಜನ ಕಂತಿನಲ್ಲಿ ಕಟ್ಟಿದರು. ಮೂವರು ಸಂಘ ಬಿಟ್ಟರು. ಅವರಲ್ಲಿ ಒಬ್ಬಳು ನನ್ನ ಗೆಳತಿ. ನಾನು ಇನ್ನೂ ಮೊದಲೇ ಕೇಳಬೇಕಿತ್ತು."

ಮೊದಲನೆಯದರಲ್ಲಿ ಹುಡುಗಿ ಕಾಣಿಸುವುದಿಲ್ಲ. ಎರಡನೆಯದರಲ್ಲಿ ಅವಳು ಮಾಡಿದ ಕೆಲಸ ಇದೆ, ಎಣಿಕೆ ಇದೆ, ಸೋತದ್ದೂ ಇದೆ. ರೂಬ್ರಿಕ್‌ನಲ್ಲಿ 'ನಾಯಕತ್ವಕ್ಕೆ ಸ್ಪಷ್ಟ ಉದಾಹರಣೆ' ಅಂತಿದ್ದರೆ ಎರಡನೆಯದಕ್ಕೆ ಮೇಲಿನ ಸಾಲಿನ ಅಂಕ, ಮೊದಲನೆಯದಕ್ಕೆ ಕೆಳಗಿನ ಸಾಲಿನದು. ಆದರೆ ತಕ್ಷಣ ಹಾಕಬೇಡಿ. ಮೊದಲನೆಯ ಹುಡುಗಿಯ ಚಟುವಟಿಕೆಗಳ ಪಟ್ಟಿ ನೋಡಿ. ಅಲ್ಲಿ 'ಎರಡು ವರ್ಷ, ವಾರಕ್ಕೆ ಆರು ಗಂಟೆ, ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ದುಭಾಷಿ' ಅಂತ ಒಂದೇ ಸಾಲು ಇರಬಹುದು. ಹೊಗಳಿಕೊಳ್ಳಲು ಬಾರದ ಹುಡುಗಿಯರು ಎಲ್ಲ ಭಾಷೆಯಲ್ಲೂ ಇದ್ದಾರೆ. ಪ್ರಬಂಧದ ಅಂಕ ಪ್ರಬಂಧಕ್ಕೆ, ಸೇವೆಯ ಅಂಕ ಆ ಒಂದು ಸಾಲಿಗೆ.

ಸಂಕಟದ ಕಥೆ ಬರೆದವಳಿಗೆ ಸಂಕಟಕ್ಕಾಗಿ ಅಂಕ ಇಲ್ಲ. ಬರೆಯದವಳಿಗೆ ಸಂಕಟವೇ ಇಲ್ಲ ಅಂತಲೂ ಅಲ್ಲ. ತನ್ನ ನೋವನ್ನು ಮಾರಾಟಕ್ಕೆ ಇಡಲು ಇಷ್ಟವಿಲ್ಲದವಳನ್ನು ನಾವು ಶಿಕ್ಷಿಸಬಾರದು.

*ಅಂಕಪಟ್ಟಿ.* ಇಲ್ಲಿ ಎ ಗ್ರೇಡಿಗೆ 4, ಬಿ ಗ್ರೇಡಿಗೆ 3 ಅಂತ ಲೆಕ್ಕ. ಹೈಸ್ಕೂಲಿನ ಹುಡುಗಿಯರ ಅರ್ಜಿಯಾದರೆ ಕಷ್ಟದ ಕ್ಲಾಸುಗಳಿಗೆ ಹೆಚ್ಚಿನ ತೂಕ ಕೊಟ್ಟು 5ರವರೆಗೂ ಎಣಿಸುವ ಶಾಲೆಗಳಿವೆ. ಆದ್ದರಿಂದ 4.2 ಅನ್ನುವುದು 3.9ಕ್ಕಿಂತ ಮೇಲೆ ಅಂತ ಅಂದುಕೊಳ್ಳಬೇಡಿ, ಯಾವ ಅಳತೆ ಅಂತ ನೋಡಿ. ಒಟ್ಟು ಸಂಖ್ಯೆಗಿಂತ ಸಾಗಿದ ದಾರಿ ನೋಡಿ. ಮೊದಲ ವರ್ಷ 2.7, ಆಮೇಲೆ 3.4, ಆಮೇಲೆ 3.8. ಒಂದೇ ಸೆಮಿಸ್ಟರ್ ಕುಸಿದಿದ್ದರೆ ಅದರ ಕಾರಣ ಬೇರೆಲ್ಲಾದರೂ ಬರೆದಿದ್ದಾಳಾ ಹುಡುಕಿ. 'ಡಬ್ಲ್ಯೂ' ಅಂತ ಕಂಡರೆ ಅದು ನಪಾಸಲ್ಲ. ಆ ಕ್ಲಾಸನ್ನು ಮಧ್ಯದಲ್ಲಿ ಬಿಟ್ಟಿದ್ದಾಳೆ ಅಷ್ಟೇ.

*ಹಣದ ಅಗತ್ಯ.* ಕೆಲವು ಅರ್ಜಿಗಳಲ್ಲಿ ಸರ್ಕಾರದ ವಿದ್ಯಾರ್ಥಿ ನೆರವಿನ ಫಾರಂ ಆದ ಫಾಫ್ಸಾದಿಂದ ಬಂದ ಒಂದು ಸಂಖ್ಯೆ ಇರುತ್ತದೆ, ಎಸ್‌ಎಐ (ಸ್ಟೂಡೆಂಟ್ ಏಡ್ ಇಂಡೆಕ್ಸ್) ಅಂತ. 2024-25ರ ಸಾಲಿನಿಂದ ಇಎಫ್‌ಸಿ ಅನ್ನುವ ಹಳೆಯ ಸಂಖ್ಯೆಯ ಬದಲಿಗೆ ಇದು ಬಂದಿದೆ. ಸಂಖ್ಯೆ ಕಡಿಮೆ ಇದ್ದಷ್ಟೂ ಅಗತ್ಯ ಜಾಸ್ತಿ, ಅತಿ ಕಡಿಮೆ ಅಂದರೆ ಮೈನಸ್ 1500. ಹಳೆಯ ಲೆಕ್ಕದಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮನೆಯವರು ಕೊಡಬಹುದಾದ ಮೊತ್ತವನ್ನು ಇಬ್ಬರಿಗೂ ಹಂಚುತ್ತಿದ್ದರು. ಹೊಸ ಲೆಕ್ಕದಲ್ಲಿ ಆ ಹಂಚಿಕೆ ಇಲ್ಲ. ಅಕ್ಕ ತಂಗಿ ಇಬ್ಬರೂ ಓದುತ್ತಿರುವ ಮನೆಯ ಕಷ್ಟ ಆ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ. ಹುಡುಗಿ ಬರೆದ ವಿವರಣೆಯನ್ನು ಪೂರ್ತಿ ಓದಿ ಅನ್ನುವುದು ಇದಕ್ಕೇ.

ಇನ್ನೊಂದು ಸಂಗತಿ. ಹೊರಗಿನ ಸ್ಕಾಲರ್‌ಶಿಪ್ ಬಂತು ಅಂತ ಕೆಲವು ಕಾಲೇಜುಗಳು ತಾವು ಕೊಡುತ್ತಿದ್ದ ನೆರವನ್ನು ಕತ್ತರಿಸುತ್ತವೆ. ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಮೊದಲು ಕಡಿವಾಣ ಹಾಕಿದ ರಾಜ್ಯ ಮೇರಿಲ್ಯಾಂಡ್, 2017ರಲ್ಲಿ. "ಈ ಹಣ ಬಂದರೆ ನನ್ನ ಕಾಲೇಜು ಅಷ್ಟನ್ನೇ ಕಡಿಮೆ ಮಾಡಬಹುದು" ಅಂತ ಹುಡುಗಿ ಬರೆದಿದ್ದರೆ ಅವಳ ಅಗತ್ಯದ ಅಂಕ ಕಳೆಯಬೇಡಿ, ಕಾಮೆಂಟಿನಲ್ಲಿ ಸಂಯೋಜಕರ ಗಮನಕ್ಕೆ ತನ್ನಿ.

*ಶಿಫಾರಸು ಪತ್ರ.* ಪತ್ರ ಬರೆದದ್ದು ಅವಳಲ್ಲ, ಮೇಷ್ಟ್ರು. ಅವರ ಸೋಮಾರಿತನಕ್ಕೆ ಅವಳ ಅಂಕ ಹೋಗಬಾರದು. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನ ಕಣ್ಣು ತೆರೆಸಿತು. ವೈದ್ಯಕೀಯ ಕಾಲೇಜಿನ ಹುದ್ದೆಗಳಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಅವರು ಓದಿದ್ದರು. ಹೆಂಗಸರಿಗೆ ಬರೆದ ಪತ್ರಗಳು ಸರಾಸರಿ ಚಿಕ್ಕವು. ಅವರ 'ಕಷ್ಟಪಟ್ಟು ದುಡಿಯುವ' ಗುಣದ ಮಾತು ಅವುಗಳಲ್ಲಿ ಜಾಸ್ತಿ. ಈಗ "ತುಂಬಾ ಒಳ್ಳೆಯ ಹುಡುಗಿ, ಶ್ರಮಜೀವಿ" ಅನ್ನುವ ನಾಲ್ಕು ಸಾಲಿನ ಪತ್ರ ನೋಡಿದಾಗ, ಅದು ಅವಳ ಬಗ್ಗೆ ಎಷ್ಟು ಹೇಳುತ್ತದೆ, ಬರೆದವರ ಅಭ್ಯಾಸದ ಬಗ್ಗೆ ಎಷ್ಟು ಅಂತ ಕೇಳಿಕೊಳ್ಳುತ್ತೇನೆ. ಪತ್ರದಲ್ಲಿ ಒಂದೇ ಒಂದು ನಿಜವಾದ ಘಟನೆ ಇದ್ದರೂ ಅದನ್ನು ಹಿಡಿದುಕೊಳ್ಳಿ.

ಏಳನೆಯದು: ಎಐ ವಿಷಯ

ಎರಡು ಮಾತು ಸಾಕು. ಅರ್ಜಿಯ ಒಂದು ಸಾಲನ್ನೂ ಚಾಟ್‌ಜಿಪಿಟಿ ಥರದ್ದಕ್ಕೆ ಹಾಕಿ 'ಸಾರಾಂಶ ಕೊಡು, ಅಂಕ ಕೊಡು' ಅನ್ನಬೇಡಿ. ಸಹಿ ಮಾಡಿದ ಗೋಪ್ಯತೆ ಅಲ್ಲಿಗೇ ಮುರಿಯಿತು. ಎರಡನೆಯದು, ಪ್ರಬಂಧವನ್ನು ಎಐ ಬರೆದಿದೆಯಾ ಅಂತ ಪತ್ತೆ ಮಾಡುವ ಸಾಧನಗಳನ್ನು ನಂಬಬೇಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಥ ಏಳು ಸಾಧನಗಳಿಗೆ ಟೋಫೆಲ್ ಪರೀಕ್ಷೆಯ ಪ್ರಬಂಧಗಳನ್ನು ಕೊಟ್ಟು ನೋಡಿದರು. ಇಂಗ್ಲಿಷ್ ಮನೆಮಾತಲ್ಲದ ಮನುಷ್ಯರೇ ಬರೆದ ಪ್ರಬಂಧಗಳವು. ಸಾಧನಗಳು ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಎಐ ಬರೆದದ್ದು ಅಂದವು. ನಮ್ಮ ಅಪ್ಪ ಅಮ್ಮಂದಿರ ಇಂಗ್ಲಿಷು, ನಾವು ಬಂದ ಹೊಸದರಲ್ಲಿ ಬರೆದ ಇಂಗ್ಲಿಷು ಎಲ್ಲವೂ ಅದರ ಕೈಗೆ ಸಿಕ್ಕಿಬೀಳುತ್ತಿತ್ತು. ಫೌಂಡೇಷನ್‌ನ ನಿಯಮ ಏನಿದೆಯೋ ಅದನ್ನು ಪಾಲಿಸಿ, ಅನುಮಾನ ಇದ್ದರೆ ಸಂಯೋಜಕರಿಗೆ ಬಿಡಿ.

ಎಂಟನೆಯದು: ನಲವತ್ತನೆಯ ಹುಡುಗಿ

ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು. ಮೊದಲನೆಯ ಅರ್ಜಿಗೆ ಕೊಟ್ಟ ಗಮನ ನಲವತ್ತನೆಯದಕ್ಕೂ ಸಿಗಬೇಕು. ಅವಳು ನಲವತ್ತನೆಯವಳಾದದ್ದು ಪಟ್ಟಿಯ ಕ್ರಮದಿಂದ ಮಾತ್ರ.

ಎರಡನೇ ವರ್ಷ ಒಂದು ರಾತ್ರಿ ಹದಿನಾಲ್ಕು ಅರ್ಜಿ ಓದಿದೆ. ಮಧ್ಯರಾತ್ರಿ ಕಳೆದು ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಎದ್ದು ಅಂಕಗಳನ್ನು ಸಾಲಾಗಿ ನೋಡಿದರೆ, ಮೊದಲ ಎಂಟಕ್ಕೆ ಎಂಬತ್ತರ ಆಸುಪಾಸು, ಕೊನೆಯ ಆರಕ್ಕೆ ಅರವತ್ತರ ಆಸುಪಾಸು. ಆರೂ ಹುಡುಗಿಯರು ಒಟ್ಟಿಗೆ ಕೆಟ್ಟ ಅರ್ಜಿ ಬರೆದಿರಲು ಸಾಧ್ಯವೇ? ಕಾಫಿ ಮಾಡಿಕೊಂಡು ಆರನ್ನೂ ಮತ್ತೆ ಓದಿದೆ. ನಾಲ್ಕರ ಅಂಕ ಬದಲಾಯಿತು. ಒಂದರಲ್ಲಿ ಎರಡನೇ ಪ್ರಬಂಧವನ್ನು ನಾನು ತೆರೆದೇ ಇರಲಿಲ್ಲ. ಆ ಹುಡುಗಿ ತಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಬೆಳಗಿನ ಕ್ಲಾಸುಗಳನ್ನು ಬಿಟ್ಟದ್ದು ಅದರಲ್ಲಿತ್ತು ಅಂತ ಇಟ್ಟುಕೊಳ್ಳಿ. ನಿಜವಾದ ವಿವರ ಬೇರೆ, ಹೇಳುವ ಹಾಗಿಲ್ಲ. ಆವತ್ತು ನನ್ನ ಕೈಕಾಲು ತಣ್ಣಗಾಯಿತು.

ಚಿಕ್ಕಮ್ಮನಿಗೆ ಹೇಳಿದೆ. "ಊಟ ಆದ್ಮೇಲೆ ತಿದ್ದಿದ ಮೊದಲ ಎರಡು ಪೇಪರು ನಾನು ಯಾವಾಗ್ಲೂ ವಾಪಸ್ ನೋಡ್ತಿದ್ದೆ ಕಣೇ. ನಿದ್ದೆಗಣ್ಣಲ್ಲಿ ಮಕ್ಕಳ ಉತ್ತರ ಕಾಣ್ಸಲ್ಲ" ಅಂದರು.

ಆಮೇಲಿಂದ ನನ್ನ ಪದ್ಧತಿ ಇದು. ಒಂದು ಕೂತಲ್ಲಿ ಆರು ಅರ್ಜಿ, ಅದಕ್ಕಿಂತ ಜಾಸ್ತಿ ಇಲ್ಲ. ಮೂರು ಆದ ಮೇಲೆ ಎದ್ದು ನೀರು ಕುಡಿದು ಬರುತ್ತೇನೆ. ತುಂಬಾ ಚೆನ್ನಾದ ಅರ್ಜಿಯ ನಂತರ ಬಂದದ್ದು ಸಪ್ಪೆಯಾಗಿ ಕಾಣುತ್ತದೆ, ಆದ್ದರಿಂದ ಅಂಥದ್ದೊಂದು ಓದಿದ ಮೇಲೆ ಹತ್ತು ನಿಮಿಷ ಬಿಡುತ್ತೇನೆ. ವ್ಯವಸ್ಥೆ ಬಿಟ್ಟರೆ ಪಟ್ಟಿಯ ಕ್ರಮದಲ್ಲಿ ಓದದೆ ಅಲ್ಲೊಂದು ಇಲ್ಲೊಂದು ತೆಗೆಯುತ್ತೇನೆ. ಕೊನೆಗೆ ಎಲ್ಲ ಮುಗಿದ ಮೇಲೆ ಮೊದಲು ಓದಿದ ಐದನ್ನು ಮತ್ತೊಮ್ಮೆ ಓದುತ್ತೇನೆ. ಅಷ್ಟು ಹೊತ್ತಿಗೆ ಕೈ ಪಳಗಿರುತ್ತದೆ, ಮೊದಲಿನ ಅಂಕ ಒಂದೆರಡಾದರೂ ಬದಲಾಗುತ್ತವೆ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಓದು ಮುಗಿಸಿದರೆ ಇದಕ್ಕೆಲ್ಲ ಜಾಗ ಸಿಗುತ್ತದೆ.

ಒಂಬತ್ತನೆಯದು: ಕಾಮೆಂಟು

ಎರಡು ಮೂರು ವಾಕ್ಯ ಬರೆಯಿರಿ. 'ಚೆನ್ನಾಗಿದೆ' ಅಂತ ಬರೆದರೆ ಗೆಲ್ಲುವವರನ್ನು ಆರಿಸುವ ಸಮಿತಿಗೆ ಉಪಯೋಗವಿಲ್ಲ. ಇಬ್ಬರ ಅಂಕ ಸಮನಾದಾಗ ಸಮಿತಿಯವರು ನೋಡುವುದು ಇದನ್ನೇ. 'ಟ್ಯೂಟರಿಂಗ್ ಕಾರ್ಯಕ್ರಮ ಶುರು ಮಾಡಿ ಎರಡನೇ ವರ್ಷಕ್ಕೆ ಇನ್ನೊಬ್ಬಳಿಗೆ ಒಪ್ಪಿಸಿದ್ದಾಳೆ, ಈಗಲೂ ನಡೆಯುತ್ತಿದೆ' ಅಂತ ಬರೆದರೆ ಗೊತ್ತಾಗುತ್ತದೆ. ಆ ಹುಡುಗಿಯೇ ಒಂದು ದಿನ ಓದಬಹುದು ಅಂತ ತಿಳಿದು ಬರೆಯಿರಿ. ಹುಟ್ಟಿದ ದೇಶ, ಧರ್ಮ, ರೂಪ, ಮದುವೆ, ಕಾಯಿಲೆ ಬಗ್ಗೆ ನಿಮ್ಮ ಅಭಿಪ್ರಾಯ ಒಂದಕ್ಷರವೂ ಬೇಡ.

ಓದುವಾಗ ಯಾವುದಾದರೂ ಹುಡುಗಿ ತನಗೆ ಹಾನಿ ಮಾಡಿಕೊಳ್ಳುವ ಮಾತು ಬರೆದಿದ್ದರೆ, ಯಾರೋ ಈಗಲೂ ಹಿಂಸೆ ಕೊಡುತ್ತಿದ್ದಾರೆ ಅನಿಸಿದರೆ, ಅಂಕ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಆ ಘಳಿಗೆಯಲ್ಲೇ ಫೌಂಡೇಷನ್‌ನ ಸಿಬ್ಬಂದಿಗೆ ಫೋನ್ ಮಾಡಿ. ಇಮೇಲ್ ಕಳಿಸಿ ಕಾಯಬೇಡಿ. ನೀವಾಗಿ ಅವಳನ್ನು ಸಂಪರ್ಕಿಸಬೇಡಿ. ಅವಳ ಕಾಲೇಜು, ಅವಳ ಜನ ಯಾರು ಅಂತ ಸಿಬ್ಬಂದಿಗೆ ಗೊತ್ತಿರುತ್ತದೆ. ಇಂಥ ಸಂದರ್ಭಕ್ಕೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಮುಗಿದ ಮೇಲೆ

ಟಿಪ್ಪಣಿ ಹರಿದು ಹಾಕಿ, ಲಾಗ್ಔಟ್ ಆಗಿ. ಜೂನ್ ಹೊತ್ತಿಗೆ ಗೆದ್ದವರ ಹೆಸರುಗಳು ಬರಬಹುದು. ಕೆಲವರ ಊರು, ಓದು ನೋಡಿ 'ಇವಳೇ ಅವಳು' ಅಂತ ಗೊತ್ತಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಅಭಿನಂದನೆ ಹೇಳಲು ಹೋಗಬೇಡಿ. ನಿಮಗೆ ತುಂಬಾ ಇಷ್ಟವಾದವಳ ಹೆಸರು ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ನನಗೆ ಪ್ರತಿ ವರ್ಷ ಹೀಗಾಗುತ್ತದೆ, ಎರಡು ದಿನ ಮನಸ್ಸು ಭಾರ.

ಆ ಭಾರವನ್ನು ಹಾಕಲು ಒಂದು ಸರಿಯಾದ ಜಾಗ ಇದೆ. ಓದು ಮುಗಿದ ಮೇಲೆ ಫೌಂಡೇಷನ್‌ನವರು ರೀಡರ್‌ಗಳ ಅಭಿಪ್ರಾಯ ಕೇಳಿದರೆ, ಪುರುಸೊತ್ತು ಮಾಡಿಕೊಂಡು ಬರೆಯಿರಿ. ಮೂರನೇ ವರ್ಷ ನಾನು ಬರೆದೆ: ಚಟುವಟಿಕೆ ಪಟ್ಟಿಯಲ್ಲಿ ಕ್ಲಬ್ಬು, ಕ್ರೀಡೆ, ಸೇವೆ ಅಂತ ಖಾನೆಗಳಿವೆ. ತಂಗಿಯನ್ನು ಶಾಲೆಯಿಂದ ಕರೆತರುವವಳು, ಅಜ್ಜಿಗೆ ಇನ್ಸುಲಿನ್ ಚುಚ್ಚುವವಳು, ರಾತ್ರಿ ಪಾಳಿಯಲ್ಲಿ ಅಂಗಡಿ ನೋಡಿಕೊಳ್ಳುವವಳು ಇದನ್ನೆಲ್ಲ ಎಲ್ಲಿ ಬರೆಯಬೇಕು? ಮರುವರ್ಷ ಮಾರ್ಚ್‌ನಲ್ಲಿ ಮೊದಲ ಅರ್ಜಿ ತೆರೆದಾಗ ಹೊಸದೊಂದು ಸಾಲಿತ್ತು: 'ಮನೆಯ ಜವಾಬ್ದಾರಿ ಮತ್ತು ಸಂಬಳದ ಕೆಲಸ, ವಾರಕ್ಕೆ ಎಷ್ಟು ಗಂಟೆ.' ಅದರ ಎದುರು ಆ ಹುಡುಗಿ 22 ಅಂತ ಬರೆದಿದ್ದಳು.